ಪಕ್ಕದ ಸೀಟಿನ ಅಕ್ಕ

ನಮ್ಮ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ದೊಡ್ಡವರಿಗೂ ಚಿಕ್ಕವರಿಗೂ ಅವರು ಬ್ರೇಕಕ್ಕ. ಡ್ರೈವಿಂಗ್ ಕಲಿಸುವುದು ಅವರ ಕಸುಬು. ಕಲಿಯುವವರು ಸ್ಟೇರಿಂಗ್ ಹಿಡಿದಿದ್ದರೆ ಇವರು ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲ ಬಳಿ ಬೇರೆಯಾಗಿ ಕೂಡಿಸಿಕೊಂಡ ಇನ್ನೊಂದು ಬ್ರೇಕಿನ ಮೇಲೆ ಪಾದ ಇಟ್ಟಿರುತ್ತಾರೆ. ಅದಕ್ಕೇ ಆ ಹೆಸರು. ಐವತ್ತು ದಾಟಿದ, ಮದುವೆಯಾಗದ, ಗಟ್ಟಿ ದನಿಯ ಹೆಂಗಸು. ಲಾರಿ ಓಡಿಸುತ್ತಿದ್ದ ಅಪ್ಪನಿಂದ ಬಂದ ವಿದ್ಯೆ. ಅವರ ಹಳೆಯ ಬಿಳಿ ಕಾರಿನ ಮೈಮೇಲೆ ಎಷ್ಟು ಗೀಚುಗಳಿವೆಯೋ, ಎಲ್ಲ ನಮ್ಮ ಮಕ್ಕಳ ಕೈಚಳಕ.

ಶನಿವಾರ ಸಂಜೆ ಆ ಕಾರಿಗೆ ಬೇರೆ ಕೆಲಸ. ಮಾಡಿದ ತಪ್ಪನ್ನು ಫಾದರ್ ಬಳಿ ಹೇಳಿಕೊಳ್ಳುವ ಪಾಪನಿವೇದನೆಗೆ ಹೋಗಲು ಹಿಂಜರಿಯುವ ಹುಡುಗ ಹುಡುಗಿಯರನ್ನು ಒತ್ತೊತ್ತಾಗಿ ತುಂಬಿಕೊಂಡು ಚರ್ಚಿಗೆ ಹೊರಡುತ್ತಾರೆ. ಗೇಟಿನಲ್ಲಿ ಕಾರು ಕಂಡ ಕೂಡಲೇ ನಮ್ಮ ಫಾದರ್, "ಬಂತು ನೋಡಿ ಪಾಪಿಗಳ ಟ್ಯಾಕ್ಸಿ" ಅನ್ನುತ್ತಾರೆ. "ಡ್ರೈವರೂ ಸೇರಿ, ಫಾದರ್" ಅನ್ನುತ್ತ ಬ್ರೇಕಕ್ಕ ಎಲ್ಲರಿಗಿಂತ ಮೊದಲು ಹೋಗಿ ಸಾಲಿನಲ್ಲಿ ನಿಲ್ಲುತ್ತಾರೆ. ಕಾರಿನ ಕನ್ನಡಿಗೆ ಜಪಸರ ಯಾಕೆ ಹಾಕಿಲ್ಲ ಅಂತ ಒಮ್ಮೆ ಯಾರೋ ಕೇಳಿದ್ದಕ್ಕೆ, "ರಸ್ತೆ ಕಾಣಲ್ಲ. ಅದು ನೇತುಹಾಕೋ ಸಾಮಾನಲ್ಲಪ್ಪ, ಕೈಯಲ್ಲಿ ಹಿಡಿಯೋದು" ಅಂದಿದ್ದರು.

ಇಂಥವರ ಜೊತೆ ನಾನು ಮಾತು ಬಿಟ್ಟಿದ್ದೆ. ಬಿಟ್ಟದ್ದು ಮಾತ್ರವಲ್ಲ, ಅಂಗಡಿಯಿಂದ ಹೊರಗೆ ಕಳಿಸಿದ್ದೆ.

ನಾನು ಹೊಲಿಗೆಯವಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ನನ್ನ ಗಂಡ ಕಾಯಿಲೆ ಬಿದ್ದ ಮೇಲೆ ಅದೇ ಕೋಣೆಯಲ್ಲಿ, ಬಟ್ಟೆಯ ಚೂರುಗಳ ನಡುವೆ, ನಾನೂ ಮಗಳೂ ದಿನಾ ಸಂಜೆ ಮಂಡಿಯೂರಿ ಜಪಸರ ಹೇಳುತ್ತಿದ್ದೆವು. ಅವಳು ಕಣ್ಣು ಮುಚ್ಚಿ, ತುಟಿ ಕಚ್ಚಿ ಕೇಳಿಕೊಳ್ಳುತ್ತಿದ್ದಳು. ಅವಳ ಅಪ್ಪ ಉಳಿಯಲಿಲ್ಲ. ಆಮೇಲೂ ಅವಳು ನನ್ನ ಜೊತೆ ಭಾನುವಾರದ ಪೂಜೆಗೆ ಬರುತ್ತಿದ್ದಳು, ಆದರೆ ಯಾರದೋ ಮದುವೆಗೆ ಬಂದವರ ಹಾಗೆ ಕೂತು ಎದ್ದು ಬರುತ್ತಿದ್ದಳು. ನನ್ನ ಎದೆಯಲ್ಲಿ ಒಂದೇ ಭಯ. ಇವಳ ಅಪ್ಪನನ್ನಂತೂ ಕಳೆದುಕೊಂಡೆ. ಇವಳು ದೇವರನ್ನೂ ಬಿಟ್ಟರೆ, ಅಪ್ಪ ಮಗಳನ್ನು ಸ್ವರ್ಗದಲ್ಲಿ ಮತ್ತೆ ಒಂದೇ ಕಡೆ ಕಾಣುವ ನನ್ನ ಆಸೆಯೂ ಮಣ್ಣುಪಾಲು.

ಅಪ್ಪನ ಕಾಯಿಲೆಯಲ್ಲಿ ಅವಳ ದೃಢೀಕರಣ ಮುಂದಕ್ಕೆ ಹೋಗುತ್ತ ಹೋಗುತ್ತ ಹದಿನೆಂಟು ತುಂಬಿತ್ತು. ಕೂಸಾಗಿದ್ದಾಗ ನಮ್ಮ ಪರವಾಗಿ ದೊಡ್ಡವರು ಹೇಳಿದ "ವಿಶ್ವಾಸಿಸುತ್ತೇನೆ" ಎಂಬ ಮಾತನ್ನು, ಬೆಳೆದ ಮೇಲೆ ಬಿಷಪ್ಪರ ಮುಂದೆ ನಾವೇ ಹೇಳಿ ಹಣೆಗೆ ತೈಲ ಹಚ್ಚಿಸಿಕೊಳ್ಳುವ ಸಂಸ್ಕಾರ ಅದು. ಆಗ ಧರ್ಮತಾಯಿಯಾಗಿ ಒಬ್ಬರು ಹಿಂದೆ ನಿಂತು ಭುಜದ ಮೇಲೆ ಕೈ ಇಡಬೇಕು. ನಾನು ಬ್ರೇಕಕ್ಕನನ್ನು ಕೇಳಿದೆ. ಅವರು ಒಪ್ಪಿದರು. "ಆದ್ರೆ ಅವಳು ನನ್ನ ಹತ್ರ ಕಾರು ಕಲೀಬೇಕು. ಎದುರುಬದುರು ಕೂತ್ರೆ ಈ ವಯಸ್ಸಿನ ಮಕ್ಕಳು ಬಾಯಿ ಬಿಡಲ್ಲ. ರಸ್ತೆ ನೋಡ್ತಾ ಇದ್ರೆ ತಾನಾಗೇ ಮಾತು ಬರುತ್ತೆ" ಅಂದರು.

ಬಂದೇಬಿಟ್ಟಿತು ಮಾತು. ಸಂಸ್ಕಾರಕ್ಕೆ ಇನ್ನೊಂದು ವಾರವಿದೆ ಅನ್ನುವಾಗ ಬ್ರೇಕಕ್ಕ ಅಂಗಡಿಗೆ ಬಂದರು. ಮಗಳ ಬಿಳಿ ಗೌನಿನ ತೋಳಿಗೆ ನಾನು ಲೇಸು ಕೂಡಿಸುತ್ತಿದ್ದೆ.

"ಈ ಸಲ ನಾನು ಅವಳ ಹಿಂದೆ ನಿಲ್ಲಲ್ಲಮ್ಮ" ಅಂದರು.

"ಯಾಕಕ್ಕ, ಏನಾಯ್ತು?"

"ಅವಳಿಗೆ ನಂಬಿಕೆ ಉಳಿದಿಲ್ಲ. ನಿನಗೆ ಬೇಜಾರಾಗಬಾರದು ಅಂತ ಹೂಂ ಅಂದಿದ್ದಾಳೆ. ಅವಳನ್ನ ಕೇಳ್ಕೊಂಡೇ ನಿನಗೆ ಹೇಳ್ತಿದ್ದೀನಿ."

"ಹುಡುಗುಬುದ್ಧಿ ಅಕ್ಕ. ಒಂದು ಸಲ ಆಗಿಹೋಗ್ಲಿ, ಆಮೇಲೆ ಎಲ್ಲಾ ಸರಿಹೋಗುತ್ತೆ."

"ಬಿಷಪ್ಪರು ಕೇಳೋದು ನಿನ್ನನ್ನಲ್ಲ, ಅವಳನ್ನ. ದೇವರ ಮುಂದೆ ಸುಳ್ಳು ಹೇಳು ಅಂತ ನಾನು ಭುಜ ಹಿಡ್ಕೊಂಡು ನಿಲ್ಲಲಾ? ಒಂದು ವರ್ಷ ಕೊಡು."

ನನಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ. ಮೈಯೆಲ್ಲ ಉರಿದುಹೋಯಿತು. "ತಂದೆ ಇಲ್ಲದ ಮಗು ಅಂತ ನೀವೂ ಕೈಬಿಟ್ರಿ ಅಲ್ವಾ? ನಾಳೆ ಎಲ್ಲರೂ ಆಡ್ಕೊಳ್ತಾರೆ, ಅದನ್ನ ಕೇಳೋಳು ನಾನು" ಅಂದೆ. ಕೈಬಿಟ್ಟಿಲ್ಲ ಅಂತ ಅವರು ಏನೋ ಹೇಳಲು ಬಂದರು. ನಾನು ಬಾಗಿಲು ತೋರಿಸಿದೆ. ಅದೇ ಸಂಜೆ ಆ ಗೌನನ್ನು ಮಗಳ ಎತ್ತರದ ಇನ್ನೊಂದು ಹುಡುಗಿಗೆ ಕೊಟ್ಟುಬಿಟ್ಟೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಆ ಭಾನುವಾರ ಮಗಳು ನನ್ನ ಪಕ್ಕ ಬೆಂಚಿನಲ್ಲೇ ಉಳಿದಳು, ಅದೇ ಲೇಸು ಆ ಹುಡುಗಿಯ ತೋಳಿನಲ್ಲಿ ನನ್ನ ಕಣ್ಣ ಮುಂದೆಯೇ ಬಿಷಪ್ಪರ ಬಳಿ ನಡೆದುಹೋಯಿತು. ಪಕ್ಕದ ಬೆಂಚಿನ ಹೆಂಗಸರು ಒಮ್ಮೆ ನನ್ನನ್ನು, ಒಮ್ಮೆ ಮಗಳನ್ನು ನೋಡಿದರು.

ಆದರೆ ಕಾರು ಕಲಿಯುವ ಗುರುವಾರ ಬಂತೆಂದರೆ ಮನೆ ಮುಂದೆ ಬ್ರೇಕಕ್ಕನ ಅದೇ ಹಾರ್ನು. ನಾನು ತಲೆ ಎತ್ತದೆ ಮಷೀನನ್ನು ಇನ್ನೂ ಜೋರಾಗಿ ತುಳಿಯುತ್ತಿದ್ದೆ. ಮಗಳು ಚಪ್ಪಲಿ ಮೆಟ್ಟಿಕೊಂಡು ಓಡುತ್ತಿದ್ದಳು. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ, ಏಕೆಂದರೆ ಹಿಂದಿರುಗುವಾಗ ಅವಳು ನಗುತ್ತ ಬರುತ್ತಿದ್ದಳು. ಅಪ್ಪ ಹೋದ ಮೇಲೆ ಆ ನಗು ನನ್ನ ಮನೆಯಲ್ಲಿ ಕಾಣೆಯಾಗಿತ್ತು.

ಕಾರಿನೊಳಗೆ ನಡೆದದ್ದನ್ನು ಅವಳೇ ನನಗೆ ಎಷ್ಟೋ ದಿನದ ಮೇಲೆ ಹೇಳಿದಳು. ಇವಳು ಪ್ರಶ್ನೆ ಕೇಳುವುದು, ಅವರು "ನನಗೆ ಗೊತ್ತಿಲ್ಲ, ಗೇರ್ ಬದಲಾಯಿಸು" ಅನ್ನುವುದು. ಗೊತ್ತಿಲ್ಲದ್ದು ಬಹಳವಾದಾಗ ಒಂದು ದಿನ ಫಾದರನ್ನೇ ಹಿಂದಿನ ಸೀಟಿಗೆ ಹತ್ತಿಸಿಕೊಂಡರಂತೆ. ಪಾಪ, ಫಾದರ್ ಬಾಗಿಲ ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ನಡುನಡುವೆ "ನಿಧಾನ ಮಗು, ಬಸ್ಸು" ಅನ್ನುತ್ತ, ದೇವರು ಕಷ್ಟ ಏಕೆ ಕೊಡುತ್ತಾನೆ ಎಂಬುದಕ್ಕೆ ಉತ್ತರ ಹೇಳಿದರಂತೆ. ಉತ್ತರ ಅರ್ಧ ತಿಳಿಯಿತು, ಆದರೆ ತನ್ನ ಪ್ರಶ್ನೆಗೋಸ್ಕರ ಅವರು ಜೀವ ಕೈಯಲ್ಲಿ ಹಿಡಿದು ಕೂತಿದ್ದು ಇಷ್ಟವಾಯಿತು ಅಂದಳು ಮಗಳು.

ಬ್ರೇಕಕ್ಕ ತಮ್ಮ ಕಥೆಯನ್ನೂ ಅವಳಿಗೆ ಹೇಳಿದ್ದರು. ಅವರ ದೃಢೀಕರಣಕ್ಕೆ ಧರ್ಮತಾಯಿಯಾಗಿ ನಿಂತವರು ಫೋಟೋ ತೆಗೆಸಿಕೊಂಡು ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಇವರು ಚರ್ಚಿಗೆ ಹೋಗುವುದನ್ನೇ ಬಿಟ್ಟರು. "ಬಿಟ್ಟಿದ್ದಕ್ಕೆ ಯಾರಾದ್ರೂ ಬೈತಾರೆ ಅಂತ ಕಾಯ್ತಿದ್ದೆ. ಬೈಯೋಕೂ ಯಾರೂ ಬರ್ಲಿಲ್ಲ. ವರ್ಷಗಟ್ಟಲೆ" ಅಂದರಂತೆ. ಕೊನೆಗೆ ಸ್ಕೂಟರ್ ಕಲಿಯಲು ಬಂದ ಒಬ್ಬ ಮುದುಕ ಪಾದ್ರಿ, "ಭಾನುವಾರ ನಿನ್ನ ಜಾಗ ಖಾಲಿ ಇತ್ತಮ್ಮ" ಅಂದ ಮೇಲೆ ಮರಳಿ ಹೋದರು. ಅಂದಿನಿಂದ ತಾವು ಭುಜ ಹಿಡಿದ ಒಂದು ಮಗುವನ್ನೂ ಅವರು ಬಿಟ್ಟಿಲ್ಲ. ಮದುವೆಯಾಗಿ ದೂರ ಹೋದವರಿಗೂ ಫೋನ್ ಮಾಡಿ, ಪೂಜೆಗೆ ಹೋದೆಯಾ ಅಂತ ಕೇಳಿ ಕಾಡುತ್ತಾರೆ.

ಒಂದು ಗುರುವಾರ ಕಾರು ಸಮಾಧಿಗಳ ಕಾಂಪೌಂಡಿನ ಪಕ್ಕ ಹೋಗುತ್ತಿತ್ತಂತೆ. ಮಗಳು ಕಾರನ್ನು ಪಕ್ಕಕ್ಕೆ ಹಾಕಿ ಸ್ಟೇರಿಂಗಿಗೆ ಹಣೆ ಒತ್ತಿಕೊಂಡು ಅತ್ತಳು.

"ಅಪ್ಪನನ್ನ ಉಳಿಸು ಅಂತ ದಿನಾ ಕೇಳ್ದೆ ಅಕ್ಕ. ಉಳಿಸ್ಲಿಲ್ಲ. ಇನ್ನು ದೇವರ ಹತ್ರ ನಾನು ಕೇಳೋದು ಏನಿದೆ?"

ಬ್ರೇಕಕ್ಕ ಕೈ ಚಾಚಿ ಎಂಜಿನ್ ಆರಿಸಿದರು. ಆಮೇಲೆ ಹೇಳಿದರು, "ಯಾಕೆ ಉಳಿಸ್ಲಿಲ್ಲ ಅಂತ ನನಗೆ ಗೊತ್ತಿಲ್ಲ ಮಗು. ಆದ್ರೆ ಅಪ್ಪನಿಗೋಸ್ಕರ ಕೇಳೋದು ಮುಗೀತು ಅಂತ ನಿನಗೆ ಯಾರು ಹೇಳಿದ್ರು? ಹೋದವರಿಗೂ ನಮ್ಮ ಪ್ರಾರ್ಥನೆ ಬೇಕು ಅಂತ ಅಲ್ವಾ ನಮ್ಮ ಹಿರಿಯರು ಕಲಿಸಿರೋದು? ನೀನು ಅವರು ಹೋದ ದಿನವೇ ನಿಲ್ಲಿಸಿಬಿಟ್ಟಿದ್ದೀಯ."

"ಅಪ್ಪನಿಗೆ ಇನ್ನೂ ನಾನು ಬೇಕಾ?"

"ಬೇಕು."

ಅಷ್ಟೇ ಮಾತು. ಅಲ್ಲಿಂದ ಮುಂದೆ ಅವಳು ಕಾರು ಓಡಿಸಿಕೊಂಡು ಮನೆಗೆ ಬಂದಳು. ನಾನು ಮಷೀನು ತುಳಿಯುತ್ತಿದ್ದೆ.

ಆ ತಿಂಗಳಲ್ಲೇ, ಒಂದು ಸಾಮಾನ್ಯ ವಾರದ ದಿನ, ಬೆಳಗ್ಗೆ ಮಗಳು ನನ್ನನ್ನು ಎಬ್ಬಿಸಿದಳು. "ಅಮ್ಮ, ಅಪ್ಪನಿಗೋಸ್ಕರ ಚರ್ಚಲ್ಲಿ ಪೂಜೆ ಹೇಳಿಸಿದ್ದೀನಿ. ಬರ್ತೀಯಾ?" ಅಂದಳು. ಸೀರೆ ಹೇಗೆ ಉಟ್ಟೆನೋ ತಿಳಿಯದು. ಹೊರಗೆ ಬಿಳಿ ಕಾರು ನಿಂತಿತ್ತು. ಹಿಂದಿನ ಬಾಗಿಲು ತೆಗೆದು ಕೂತೆ. ಬ್ರೇಕಕ್ಕ ಹಿಂದೆ ತಿರುಗದೆಯೇ, "ಭದ್ರವಾಗಿ ಕೂತ್ಕೋ ತಾಯಿ, ಓಡಿಸ್ತಿರೋದು ನಿನ್ನ ಮಗಳು" ಅಂದರು. ನಾನು ನಕ್ಕೆ, ನಗುತ್ತ ಅತ್ತುಬಿಟ್ಟೆ. ನಮ್ಮ ನಡುವಿನ ಜಗಳ ತೀರಿದ್ದು ಹೀಗೆ.

ಮರುವರ್ಷ ಅವಳು ಹೋಗಿ ದೃಢೀಕರಣಕ್ಕೆ ತಾನೇ ಹೆಸರು ಕೊಟ್ಟು ಬಂದಳು. ನಾನು ಒಂದು ಮಾತೂ ಆಡಿರಲಿಲ್ಲ, ನನ್ನಂಥವಳಿಗೆ ಅದು ಸಣ್ಣ ತಪಸ್ಸೇನಲ್ಲ. ಆ ವರ್ಷವನ್ನು ಬ್ರೇಕಕ್ಕ ಕೇಳಿ ತೆಗೆದುಕೊಳ್ಳದೆ ಇದ್ದಿದ್ದರೆ ನನ್ನ ಗೋಡೆಯ ಮೇಲೆ ಒಂದು ಒಳ್ಳೆಯ ಫೋಟೋ ಇರುತ್ತಿತ್ತು, ಮಗಳು ಮಾತ್ರ ಆ ಸುಳ್ಳಿನಲ್ಲೇ ನಿಂತಿರುತ್ತಿದ್ದಳು. ಅವರ ಋಣ ನಾನು ತೀರಿಸುವಂಥದ್ದಲ್ಲ. ತೀರಿಸುವ ಆಸೆಯೂ ನನಗಿಲ್ಲ, ಇರಲಿ, ಹೊತ್ತುಕೊಂಡೇ ಇರುತ್ತೇನೆ.

ಆ ದಿನ ಮಕ್ಕಳೆಲ್ಲ ಮುಂದಿನ ಸಾಲುಗಳಲ್ಲಿ ನಿಂತಿದ್ದರು, ನನ್ನ ಮಗಳ ಹಿಂದೆ ಬ್ರೇಕಕ್ಕ. ಬಿಷಪ್ಪರು ಒಂದೊಂದೇ ಪ್ರಶ್ನೆ ಕೇಳಿದರು, ಮಕ್ಕಳು ಒಟ್ಟಿಗೆ ಉತ್ತರ ಕೊಟ್ಟರು. ಅಷ್ಟು ದನಿಗಳಲ್ಲಿ ನನ್ನ ಮಗಳದು ಯಾವುದು ಅಂತ ಕಿವಿಗೊಟ್ಟೆ, ಸಿಗಲಿಲ್ಲ. ಕೊನೆಯ ಪ್ರಶ್ನೆ ಬಂತು. ಸತ್ತವರು ಮತ್ತೆ ಎದ್ದುಬರುವರೆಂದೂ, ಕೊನೆಯಿಲ್ಲದ ಬದುಕು ಉಂಟೆಂದೂ ವಿಶ್ವಾಸಿಸುತ್ತೀರಾ?

ಉಳಿದವರು ಬಾಯಿ ತೆರೆಯುವ ಮೊದಲೇ ಒಂದು ದನಿ ಬಂತು. "ವಿಶ್ವಾಸಿಸುತ್ತೇನೆ." ನನ್ನ ಮಗಳದು. ಅಪ್ಪನನ್ನು ಪಕ್ಕದ ಕೋಣೆಯಿಂದ ಊಟಕ್ಕೆ ಕರೆಯುತ್ತಿದ್ದಾಗ ಇರುತ್ತಿತ್ತಲ್ಲ, ಅಷ್ಟೇ ಜೋರು. ಕೇಳಿದ್ದು ಮಕ್ಕಳನ್ನು. ಆದರೆ ಹಿಂದಿನ ಬೆಂಚಿನಿಂದ ನಾನೂ ಅಷ್ಟೇ ಜೋರಾಗಿ ಹೇಳಿಬಿಟ್ಟಿದ್ದೆ. ಪಕ್ಕದ ಹೆಂಗಸರು ತಿರುಗಿ ನನ್ನನ್ನೇ ನೋಡಿದರು. ನೋಡಲಿ ಬಿಡಿ.