ಮಗಳು ಮಾಡಿದ ಬೆಳಕು

ನನ್ನ ಹೆಂಡತಿ ಒಂದು ಕಾಲದಲ್ಲಿ ನಮ್ಮ ಚಾಳಿನ ಕನ್ನಡ ಮಂದಿಗೆಲ್ಲ ಸಿನಿಮಾ ಹೇಳುತ್ತಿದ್ದಳು. ಮದುವೆಯಾಗಿ ವಿಜಯಪುರದಿಂದ ಮುಂಬೈಗೆ ಬಂದ ಹೊಸತರಲ್ಲಿ ಅವಳಿಗೆ ಹಿಂದಿ ಅಷ್ಟಕ್ಕಷ್ಟೆ. ಆದರೂ ಪಕ್ಕದ ಖೋಲಿಯವರ ಜೊತೆ ಮ್ಯಾಟಿನಿಗೆ ಹೋಗಿ ಬಂದಳೆಂದರೆ ಸಂಜೆ ಸಾಲು ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ಕೂತು, ಅಕ್ಕಿ ಆರಿಸುತ್ತ, ಇಡೀ ಕಥೆ ಹೇಳುವಳು. ಅರ್ಥವಾಗದ ಮಾತುಗಳ ಜಾಗದಲ್ಲಿ ತಾನೇ ಹುಟ್ಟಿಸಿ ಸೇರಿಸುತ್ತಿದ್ದಳು. ನಾನು ಬಾಂದ್ರಾದ ಆಫೀಸಿನಿಂದ ಬರುವಷ್ಟರಲ್ಲಿ ಅರ್ಧ ಕಥೆ ಆಗಿಹೋಗಿರುತ್ತಿತ್ತು. ನನಗಾಗಿ ಮೊದಲಿನಿಂದ ಶುರು ಮಾಡುವಳು. ಕೇಳುತ್ತಿದ್ದ ಹೆಂಗಸರು ಬೇಸರಪಡದೆ ಮತ್ತೆ ಕೇಳುವರು. ನಾನು ಕಣ್ಣಾರೆ ನೋಡಿದ ಸಿನಿಮಾಗಳಿಗಿಂತ ಅವಳ ಬಾಯಿಂದ ಕೇಳಿದವೇ ಹೆಚ್ಚು.

ಸಕ್ಕರೆ ಕಾಯಿಲೆ ಅವಳ ಕಣ್ಣಿಗೆ ಇಳಿದದ್ದು ನಾವು ಚಾಳು ಬಿಟ್ಟು ಬೊರಿವಲಿಗೆ ಬಂದ ಮೇಲೆ. ಆಪರೇಶನ್ ಆಯಿತು, ಇಂಜೆಕ್ಷನ್ ಆಯಿತು. ಈಗ ಬೆಳಕು ಇದೆಯೋ ಇಲ್ಲವೋ ಎಂಬುದಷ್ಟೇ ಅವಳಿಗೆ ತಿಳಿಯುತ್ತದೆ. ಕಿಟಕಿ ಎಲ್ಲಿದೆ ಎನ್ನುವಳು, ಕಿಟಕಿಯಾಚೆ ಏನಿದೆ ಎನ್ನಲಾರಳು.

ನಮಗೆ ಒಬ್ಬಳೇ ಮಗಳು. ಪವಾಯಿಯ ಒಂದು ಆಫೀಸಿನಲ್ಲಿ ಕಂಪ್ಯೂಟರಿನ ಮೇಲೆ ಸಿನಿಮಾದ ದೃಶ್ಯಗಳನ್ನು ಮಾಡುವ ಕೆಲಸ. ದಿನಾ ಓಡಾಡುವುದು ಆಗದೆ ಅಲ್ಲೇ ಗೆಳತಿಯರ ಜೊತೆ ಇದ್ದಾಳೆ. ರವಿವಾರ ಮನೆಗೆ ಬರುತ್ತಾಳೆ. ಯಾವುದೋ ವಿದೇಶಿ ಸಿನಿಮಾಕ್ಕಾಗಿ ಒಂದು ವರ್ಷಕ್ಕೂ ಮೇಲೆ ಒಂದೇ ದೃಶ್ಯದ ಮೇಲೆ ದುಡಿದಳು. ಏನು ಕೆಲಸ ಎಂದು ಕೇಳಿದರೆ, "ಬೆಳಕು ಮಾಡ್ಲಿಕ್ಕತ್ತೀನಿ ಪಪ್ಪಾ, ಬಸ್," ಎನ್ನುವಳು. ಹೊರಗೆ ಹೇಳಬಾರದೆಂಬ ಕಟ್ಟಪ್ಪಣೆ ಇತ್ತಂತೆ. ಆ ವರ್ಷ ಎಷ್ಟೋ ರವಿವಾರ ಅವಳು ಬರಲೇ ಇಲ್ಲ. ಹೆಂಡತಿ ಅವಳಿಗೆಂದು ಮಾಡಿಟ್ಟ ಶೇಂಗಾ ಹೋಳಿಗೆ ನಾವಿಬ್ಬರೇ ತಿನ್ನುತ್ತಿದ್ದೆವು.

ಸಿನಿಮಾ ಬಿಡುಗಡೆಯಾದ ವಾರ ಹೆಂಡತಿ ಹೇಳಿದಳು, "ನಾನೂ ನೋಡಬೇಕು."

ನೋಡಬೇಕು ಎಂಬ ಶಬ್ದವನ್ನು ಅವಳು ಇನ್ನೂ ಬಿಟ್ಟಿರಲಿಲ್ಲ. ಮಗಳಿಗೆ ಬೇರೆ ಕೆಲಸದ ಒತ್ತಡವಿತ್ತು. ನಾವಿಬ್ಬರೇ ಹತ್ತಿರದ ಮಾಲ್‌ಗೆ ಮಧ್ಯಾಹ್ನದ ಹಿಂದಿ ಶೋಗೆ ಹೋದೆವು.

"ಇವತ್ತ ನೀವು ಹೇಳ್ರಿ, ನಾ ಕೇಳ್ತೀನಿ," ಎಂದಳು.

ದೀಪ ಆರಿತು. ಪರದೆಯ ಮೇಲೆ ಒಂದು ಗ್ರಹ. ಅದರ ಸಮುದ್ರವೆಲ್ಲ ಹೆಪ್ಪುಗಟ್ಟಿ, ಜನ ಆ ಹಿಮದ ಅಡಿಯಲ್ಲಿ ಊರು ಕಟ್ಟಿಕೊಂಡಿದ್ದಾರೆ. ಬೀದಿಗಳು, ಸೇತುವೆಗಳು, ಆ ಹಿಮದ ಗುಹೆಯ ತುಂಬ ತೂಗುಬಿಟ್ಟ ದೀಪಗಳು. ಅಂಥದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಅವಳ ಕಿವಿಗೆ ಬಾಗಿ ಹೇಳತೊಡಗಿದೆ: "ಮ್ಯಾಲೆ ಆಕಾಶ ಇಲ್ಲ, ಹಿಮದ್ದೇ ಮಾಳಿಗಿ. ಕೆಳಗ ಊರು. ಭಾಳ ದೊಡ್ಡದು."

"ದೊಡ್ಡದು ಅಂದ್ರ?"

"ಭಾಳ ದೊಡ್ಡದು."

"ಹಿಂಗ ಹೇಳಿದ್ರ ಹೆಂಗ್ರಿ? ನಮ್ಮ ಗೋಳಗುಮ್ಮಟಕ್ಕಿಂತ ದೊಡ್ಡದೋ ಸಣ್ಣದೋ?"

"ಅಂಥಾವು ನೂರು ಹಿಡಸ್ತಾವ."

ಮುಂದಿನ ಸಾಲಿನವನು ತಿರುಗಿ ನೋಡಿದ. ನಾನು ದನಿ ತಗ್ಗಿಸಿದೆ. ಎದುರಿಗೆ ಅಷ್ಟು ವೈಭವ, ನನ್ನ ಬಾಯಲ್ಲಿ ನಾಲ್ಕೇ ನಾಲ್ಕು ಶಬ್ದ. ಅವಳಾಗಿದ್ದರೆ ಆ ಊರಿನ ಒಂದೊಂದು ಮನೆಯ ಬಾಗಿಲು ತೆಗೆದು ತೋರಿಸುತ್ತಿದ್ದಳು. ಆ ಹಳೆಯ ಸಂಜೆಗಳ ಅವಳ ದನಿ ನನಗೆ ಎಷ್ಟು ಬೇಕಾಗಿತ್ತೆಂದರೆ, ಪಕ್ಕದಲ್ಲೇ ಕೂತಿದ್ದ ಅವಳನ್ನೇ ಕಳೆದುಕೊಂಡವನಂತೆ ಚಡಪಡಿಸಿದೆ.

ಕಥೆಯನ್ನು ಮಾತ್ರ ನಾನು ಹೇಳಬೇಕಾಗಿರಲಿಲ್ಲ. ಅದನ್ನು ಅವಳು ಕೇಳಿಯೇ ಹಿಡಿಯುತ್ತಿದ್ದಳು, ಹಿಡಿದಷ್ಟೂ ಅವಳ ಮುಖ ಗಂಟಿಕ್ಕುತ್ತಿತ್ತು. ನಾಯಕನ ತಾಯಿ ಹಿಮದ ಕುಸಿತದಲ್ಲಿ ಸತ್ತಳು. ಅವನು ಎರಡು ಮಾತಾಡಿ ಬಾಹ್ಯಾಕಾಶದ ಹಡಗು ಹತ್ತಿದ. "ಅಳಲಿಲ್ಲೇನು?" ಎಂದು ಕೇಳಿದಳು. ಇಲ್ಲ ಎಂದೆ. "ಎಂಥಾ ಮಗಾರೀ ಇಂವ?" ಎಂದಳು. ಆಮೇಲೆ ಉದ್ದುದ್ದ ಭಾಷಣಗಳು. ಬ್ರಹ್ಮಾಂಡ, ಮನುಕುಲ, ಭವಿಷ್ಯ. ನನ್ನ ಕಣ್ಣು ಹಡಗಿನ ಮೇಲಿತ್ತು, ನನಗೇನೂ ಅನ್ನಿಸಲಿಲ್ಲ. ಅವಳಿಗೆ ಆ ಹಡಗಿಲ್ಲವಲ್ಲ, ಭಾಷಣ ಒಂದೇ. ಆಕಳಿಸಿದಳು.

ಆಮೇಲೆ ಆ ದೃಶ್ಯ ಬಂತು. ಮೇಲಿನ ಹಿಮ ಸೀಳಿತು. ಎಷ್ಟೋ ತಲೆಮಾರುಗಳಿಂದ ಬಿಸಿಲು ಕಾಣದ ಊರಿನೊಳಗೆ ಬೆಳಕು ಇಳಿಯತೊಡಗಿತು. ಒಮ್ಮೆಲೇ ಸುರಿಯಲಿಲ್ಲ. ಹಿಮದೊಳಗೆ ದಾರಿ ಹುಡುಕುತ್ತ, ಬಣ್ಣ ಬದಲಿಸುತ್ತ, ತಡೆದು ತಡೆದು ಕೆಳಗೆ ಬಂತು. ಇದೇ ನಮ್ಮ ಮಗಳ ಕೆಲಸವೆಂದು ಯಾರೂ ಹೇಳಬೇಕಾಗಿರಲಿಲ್ಲ. ನಾನು ಮಾತು ನಿಲ್ಲಿಸಿದೆ. ಸಂಗೀತವೂ ನಿಂತಿತ್ತು. ಪಾಪ್‌ಕಾರ್ನ್ ಮೆಲ್ಲುತ್ತಿದ್ದವರು, ಫೋನ್ ನೋಡುತ್ತಿದ್ದವರು, ಎಲ್ಲರೂ ಸುಮ್ಮನಾದರು.

ಹೆಂಡತಿ ನನ್ನ ಮೊಣಕೈ ಹಿಡಿದಳು. "ಏನಾತ್ರಿ? ಎಲ್ಲಾರೂ ಯಾಕ ಗಪ್ಪಾದ್ರು?"

"ನಮ್ಮಾಕಿ ಮಾಡಿದ್ದು ಬಂತು," ಎಂದೆ. ಮುಂದೆ ಹೇಳಲಾಗಲಿಲ್ಲ. ಅವಳು ಆ ನಿಶ್ಶಬ್ದಕ್ಕೆ ಕಿವಿಗೊಟ್ಟು ಕೂತಳು. ಅಷ್ಟರಲ್ಲಿ ನಾಯಕ ಗಂಟಲು ಸರಿಮಾಡಿಕೊಂಡು ಮತ್ತೊಂದು ಭಾಷಣ ಶುರು ಮಾಡಿದ.

ಆ ರವಿವಾರ ಮಗಳು ಬಂದಳು. ಚಪ್ಪಲಿ ಬಿಡುವ ಮೊದಲೇ ಕೇಳಿದಳು, "ಅವ್ವಾ, ಕೈಸಾ ಲಗಾ? ಛಲೋ ಇತ್ತೇನು?"

ಬಹಳ ಚಂದ ಎಂದು ನಾನು ಹೇಳಿದೆ. ಹೆಂಡತಿ ಮಗಳ ದನಿಯ ಕಡೆ ತಿರುಗಿದಳು.

"ನೀ ಮಾಡಿದ್ದು ಬಂದಾಗ ಇಡೀ ಥೇಟರ್ ಉಸಿರು ಹಿಡಿದು ಕುಂತಿತ್ತು. ಅದು ನಂಗ ಕೇಳಸ್ತು. ಆದ್ರ ಒಂದು ಮಾತು, ಸಿಟ್ಟಾಗಬ್ಯಾಡ. ಹುಟ್ಟಿದಾಗಿಂದ ಕತ್ತಲದಾಗ ಇದ್ದ ಮಂದಿ ಮ್ಯಾಲೆ ಬೆಳಕು ಬಿತ್ತು. ಒಬ್ಬರರ ಕಣ್ಣು ಮುಚ್ಚಿಕೊಂಡ್ರೇನು? ಒಂದು ಕೂಸರ ಚೀರತೇನು? ಆಪರೇಶನ್ ಆಗಿ ಪಟ್ಟಿ ಬಿಚ್ಚಿದಾಗ ಬೆಳಕು ನಂಗ ಸೂಜಿ ಚುಚ್ಚಿದಂಗ ಆಗಿತ್ತು. ನಾ ಚೀರಿದ್ದೆ."

ಮಗಳು ಸೋಫಾದ ಅಂಚಿನಲ್ಲಿ ಕೂತಳು. "ನಾವು ಅದು ಸೋಚಾ ಹೀ ನಹೀ ಅವ್ವಾ. ಆ ಮಂದೀನ ಬ್ಯಾರೇ ಟೀಮ್ ಮಾಡ್ತು. ನಾನು ಬರೇ ಬೆಳಕು. ಆ ಮಂದಿ ಕಣ್ಣು, ಮಾರಿ ನಾನೂ ಆಖರಿಗೇ, ಪೂರಾ ಆದ ಮ್ಯಾಲೇ ನೋಡಿದೆ."

"ಅದಕ್ಕೇ ಹಂಗಾಗೇದ," ಎಂದಳು ಹೆಂಡತಿ, ಮೆತ್ತಗೆ. "ಊರು ಕಟ್ಟಿದವ್ರು ಬ್ಯಾರೆ, ಊರಾಗ ಇರೋರು ಬ್ಯಾರೆ."

ಮಗಳಿಗೆ ಸಿಟ್ಟು ಬರಲಿಲ್ಲ. ಕಣ್ಣು ತುಂಬಿದ್ದು ನನಗೆ ಕಂಡಿತು. ಅವಳ ಅವ್ವನಿಗೆ ಕಾಣಲಿಲ್ಲ.

"ಈಗ ಹೇಳು, ಆ ಬೆಳಕು ಯಾವ ಬಣ್ಣ? ನಿಮ್ಮಪ್ಪಗ ಹೇಳಾಕ ಬರಲಿಲ್ಲ."

"ನೀಲಿ. ನೀಲಿ ಅಂದ್ರ... ಐಸಾ ನಹೀ. ಥೋಡಾ ಹಸಿರು."

"ನವಿಲಿನ ಕೊರಳು?"

"ಅಷ್ಟು ಡಾರ್ಕ್ ಇಲ್ಲ."

"ಮೋಡ ಹರಿದ ಮ್ಯಾಲೆ ಆಕಾಶ ಇರತದಲ್ಲ, ಹಂಗ?"

"ಇಲ್ಲ, ಅದು ನಿಂತಿರತದ. ಇದು ಹಿಲ್ತಾ ಹೈ, ಅಲ್ಲಾಡತದ."

ಚಹಾ ಮಾಡಿ ತಂದೆ. ಅದು ಆರಿ ಹೋಯಿತು. ತಾಯಿ ಕನ್ನಡದಲ್ಲಿ ಒಂದೊಂದೇ ಬಣ್ಣ ಎತ್ತಿ ಕೊಡುವಳು, ಮಗಳು ಹಿಂದಿ ಬೆರೆಸಿ ಹಿಂದಕ್ಕೆ ಕೊಡುವಳು. ಅವರಿಬ್ಬರು ಅಷ್ಟು ಹೊತ್ತು ಮಾತಾಡಿ ಎಷ್ಟು ಕಾಲವಾಗಿತ್ತೋ.

ಕೊನೆಗೆ ಹೆಂಡತಿ ಕೇಳಿದಳು, "ಬಿಳಿ ಅರಿವಿ ಜಾಲಿಸೋ ಬಕೀಟಿನಾಗ ನೀಲಿ ಹಾಕ್ತಿದ್ವಿ, ನೆನಪದೇನು? ಒಂದು ಹನಿ ಬಿದ್ದು, ನೀರಾಗ ಎಳಿ ಎಳಿ ಆಗಿ ಇಳೀತಿತ್ತು. ಕೈಯಾಡಸೋಕಿಂತ ಮೊದಲು."

ಮಗಳು ಎದ್ದೇ ನಿಂತಳು. "ಹಾಂ! ಅದೇ! ಅವ್ವಾ, ಎಕ್ಸಾಕ್ಟ್ ಅದೇ!"

ಹೆಂಡತಿ ತಲೆಯಾಡಿಸಿದಳು. ಒಳಗೆ ಯಾವುದನ್ನೋ ನೋಡುತ್ತಿದ್ದಾಳೆ ಎಂದು ಅವಳ ಮುಖವೇ ಹೇಳುತ್ತಿತ್ತು.

ಮತ್ತೊಮ್ಮೆ ಹೋಗೋಣ ಎಂದವಳು ಅವಳೇ. ಅಷ್ಟರಲ್ಲಿ ಬೊರಿವಲಿಯಿಂದ ಸಿನಿಮಾ ಎತ್ತಿದ್ದರು. ಬಾಂದ್ರಾದಲ್ಲಿ ಒಂದು ಮಧ್ಯಾಹ್ನದ ಶೋ ಉಳಿದಿತ್ತು. ಮಗಳು ರಜೆ ಹಾಕಿದಳು. ಹನ್ನೊಂದರ ಸುಮಾರಿನ ಲೋಕಲ್ ಖಾಲಿಯಿತ್ತು. ಮೂವರೂ ಕೂತು ಹೋದೆವು. ಥಿಯೇಟರಿನಲ್ಲಿ ಹೆಂಡತಿಯನ್ನು ನಡುವೆ ಕೂರಿಸಿಕೊಂಡೆವು. ಸಿನಿಮಾ ಮೊದಲಿನಷ್ಟೇ ಅದ್ಭುತವಾಗಿತ್ತು, ಮೊದಲಿನಷ್ಟೇ ಪೊಳ್ಳಾಗಿತ್ತು. ಈ ಸಲ ಭಾಷಣ ನನಗೂ ಕೇಳಿಸಿತು.

ಹಿಮ ಸೀಳಿದಾಗ ನಾನು ಪರದೆ ಬಿಟ್ಟು ಅವಳ ಮುಖ ನೋಡಿದೆ. ಪರದೆಯ ನೀಲಿ ಅವಳ ಹಣೆಯ ಮೇಲೆ, ಕೆನ್ನೆಯ ಮೇಲೆ ಇಳಿಯಿತು. ಅವಳ ಕಣ್ಣಿಗೆ ಏನಾದರೂ ತಾಗಿತೋ ಇಲ್ಲವೋ, ಕೇಳುವ ಧೈರ್ಯ ನಮಗಿಬ್ಬರಿಗೂ ಆಗಲಿಲ್ಲ.

ಹೊರಗೆ ಬಂದ ಮೇಲೆ ಮಗಳು ರಿಕ್ಷಾ ಹುಡುಕಲು ಮುಂದೆ ಹೋದಳು. ಹೆಂಡತಿ ನನ್ನ ಕಡೆ ತಿರುಗಿದಳು.

"ಬೆಳಕು ಛಲೋ ಮಾಡ್ಯಾಳ. ಈಗ ಆಕಿ ಮಾರಿ ಹೆಂಗದ, ಅದನ್ನ ಹೇಳ್ರಿ."

ರಸ್ತೆಯ ಆಚೆ ಬಿಸಿಲಿಗೆ ಕೈ ಅಡ್ಡ ಹಿಡಿದು ನಿಂತಿದ್ದ ಮಗಳನ್ನು ನೋಡಿದೆ. ದಪ್ಪ ಚಷ್ಮಾ ಬಂದಿದೆ, ಕಣ್ಣ ಕೆಳಗೆ ಕಪ್ಪಾಗಿದೆ, ನಕ್ಕರೆ ಮಾತ್ರ ಥೇಟ್ ನೀನೇ, ಎಂದೆ. ನಕ್ಕರೆ ಎಲ್ಲಿ ನನ್ನಂತೆ ಎಂದು ಕೇಳಿದಳು. ಎಡಗೆನ್ನೆಯಲ್ಲಿ ಎಂದೆ. ಮತ್ತೆ ಕೇಳಿದಳು, ಮತ್ತೆ ಹೇಳಿದೆ. ರಿಕ್ಷಾ ಬರುವವರೆಗೂ ಹೇಳುತ್ತಲೇ ಇದ್ದೆ.