ಡ್ರೈವರ್ ಕಾಕಾ ಇಳಿಯದ ಸ್ಟಾಪು

ಮೊನ್ನೆ ಅಟ್ಟದ ಮೇಲಿದ್ದ ಹಳೇ ಬಿಸ್ಕತ್ತಿನ ಡಬ್ಬಿ ತೆಗೆದೆ. ಸೈಕಲ್ ಟ್ಯೂಬಿನ ವಾಸನೆ ಗಮ್ಮೆಂದು ಮೂಗಿಗೆ ಬಡಿಯಿತು. ಒಳಗಿದ್ದದ್ದು ಗೇಣುದ್ದದ ಟ್ಯೂಬಿನ ಪಟ್ಟಿ. ಒಂದು ತುದಿಗೆ ಹೊಲಿದ ಅಂಗಿಗುಂಡಿ, ಇನ್ನೊಂದು ತುದಿಯಲ್ಲಿ ಎರಡು ತೂತು. ಇನ್ನಷ್ಟು ಹತ್ತಿರ ಹಿಡಿದರೆ ಉಪ್ಪುನೀರಿನ ವಾಸನೆಯೂ ಇತ್ತು... ಅವ್ವ ನೋಡಿದಳು. ಕಂಡಕಂಡದ್ದನ್ನೆಲ್ಲ ತಿಪ್ಪೆಗೆ ಹಾಕುವವಳು, ಇದನ್ನು ಮಾತ್ರ ಬಿಸಾಕು ಅನ್ನಲಿಲ್ಲ.

ನಾನು ಹೇಳುವ ಮಾತಿನಲ್ಲಿ ಅರ್ಧ ಕಳೆದು ಕೇಳಬೇಕು ಅಂತ ನಮ್ಮೂರು ಮಸ್ಕಿಯಲ್ಲಿ ಎಲ್ಲರಿಗೂ ಗೊತ್ತು. ಇದರಲ್ಲಿ ಕಾಲುಭಾಗ ಕಳೆದರೆ ಸಾಕು.

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ತುರ್ವಿಹಾಳದ ಮಾವನ ಮನೆಯಲ್ಲಿ ಭತ್ತದ ಹುಲ್ಲಿನ ಬಣವೆ ಮೇಲಿಂದ ಬಿದ್ದೆ. ಬಣವೆ ನಮ್ಮೂರ ಗುಡ್ಡಕ್ಕಿಂತ ಎತ್ತರ ಇತ್ತು ಅಂತ ಶಾಲೆಯಲ್ಲಿ ಹೇಳಿದ್ದೆ. ಎಮ್ಮೆಯ ಮೇಲೆ ಎಮ್ಮೆ ನಿಲ್ಲಿಸಿದಷ್ಟಂತೂ ಇತ್ತು. ಮುರಿದ ಸೊಂಟ ಕೂಡಿಕೊಂಡಿತು, ಕಾಲು ನಡೆದವು. ಮೂತ್ರದ ಚೀಲ ಮಾತ್ರ ನನ್ನ ಮಾತು ಕೇಳುವುದನ್ನು ಬಿಟ್ಟಿತು. ಬಂತು ಅನ್ನುವುದರೊಳಗೆ ಬಂದೇ ಬಿಟ್ಟಿರುತ್ತಿತ್ತು. ಪ್ಯಾಂಟು ಹಸಿಯಾದಾಗಲೆಲ್ಲ ಒಂದೊಂದು ಕಥೆ. ತಂಬಿಗೆ ಉರುಳಿತು, ಕಾಲುವೆಗೆ ಜಾರಿದೆ, ಹೋಟೆಲಿನವನು ಲೋಟ ತೊಳೆದ ನೀರು ಎರಚಿದ. ಪಾಪ, ಆ ಹೋಟೆಲಿನವನ ಹೆಸರು ನನ್ನಿಂದ ಬಹಳ ಕೆಟ್ಟಿತು.

ನಮ್ಮ ಓಣಿಯಲ್ಲೇ ಡ್ರೈವರ್ ಕಾಕಾ ಇದ್ದರು. ಲಿಂಗಸುಗೂರಿನಿಂದ ಮಸ್ಕಿ ಹಾದು ಸಿಂಧನೂರಿಗೆ ಹೋಗುವ ಸರ್ಕಾರಿ ಬಸ್ಸು ಅವರದು. ಅವರ ಮೀಸೆ ಎಷ್ಟು ದೊಡ್ಡದೆಂದರೆ, ಎದುರಿಗೆ ಬರುವ ಲಾರಿಗಳು ಹಾರ್ನಿಗಲ್ಲ, ಮೀಸೆಗೆ ದಾರಿ ಬಿಡುತ್ತಿದ್ದವು. ಒಮ್ಮೆ ಟೈರು ಎತ್ತುವಾಗ ಸೊಂಟ ಹಿಡಿದುಕೊಂಡಿತು. ದೊಡ್ಡ ಊರಿನಲ್ಲಿ ಆಪರೇಷನ್ ಆಯಿತು. ನಡೆದಾಡುವಂತಾಗಿ ಮರಳಿ ಬಂದರು, ಆದರೆ ಅವರದೂ ನನ್ನದೇ ಹಣೆಬರಹ. ಯುಗಾದಿಯೊಳಗೆ ಸರಿಯಾದರೆ ಸ್ಟೇರಿಂಗು, ಇಲ್ಲದಿದ್ದರೆ ಡಿಪೋದ ಗೇಟು ತೆಗೆಯುವ, ಮುಚ್ಚುವ ಕೆಲಸ ಅಂತ ಸಾಹೇಬರು ಹೇಳಿದ್ದರಂತೆ.

"ಮಂದಿ ಗಾಡಿಗೆ ಗೇಟ್ ತೆಗಿಯಾಂವ ಅಲ್ಲ ನಾ," ಅಂದರು ಕಾಕಾ, ನಮ್ಮ ಕಟ್ಟೆಯ ಮೇಲೆ ಕೂತು. "ಲಿಂಗಸೂರ ದವಾಖಾನ್ಯಾಗ ಇದಕ್ಕಂತ ಕಾಲಿಗೆ ಕರೆಂಟ್ ಕೊಡೋ ಮೇಡಮ್ ಬಂದಾರಂತ. ನಡೀಲೇ, ಇಬ್ಬರೂ ಹೋಗೂಣು."

ಅವ್ವ ಗಾಬರಿಯಾದಳು. "ಕೆಟ್ಟಿದ್ದು ಎಲ್ಲಿ, ಕರೆಂಟ್ ಕೊಡೋದು ಎಲ್ಲಿರೀ ಅಣ್ಣಾರ?"

"ಬಸ್ಸಿನ ಲೈಟ್ ಹಿಂದ ಇರ್ತಾವ ತಂಗಿ, ಸ್ವಿಚ್ ನನ್ನ ಮುಂದ ಇರ್ತೈತಿ," ಅಂದರು ಕಾಕಾ.

ಮೇಡಮ್ಮರ ಮಷೀನು ನೋಡಿ ನನಗೆ ನಿರಾಸೆಯಾಯಿತು. ಮಿಲಿಟರಿಯಿಂದ ತಂದಿದ್ದಾರೆ, ಕೋಣೆ ತುಂಬ ಇದೆ ಅಂತ ಗೆಳೆಯರಿಗೆ ಮೊದಲೇ ಹೇಳಿಬಿಟ್ಟಿದ್ದೆ. ಇದು ರೇಡಿಯೋದಷ್ಟಿತ್ತು. ಕರೆಂಟು ಹೋದಾಗ ನಡೆಯಲೆಂದು ದಪ್ಪ ಸೆಲ್ಲು ಬೇರೆ. ಉಪ್ಪುನೀರಿನಲ್ಲಿ ನೆನೆಸಿದ ಎರಡು ಸ್ಪಂಜು. ಒಂದನ್ನು ಪಾದದ ಒಳಬದಿಯ ಗಿಣ್ಣಿನ ಹಿಂದೆ, ಇನ್ನೊಂದನ್ನು ಅದಕ್ಕಿಂತ ನಾಲ್ಕು ಬೆರಳು ಮೇಲೆ ಕಟ್ಟಿ ಗುಂಡಿ ತಿರುಗಿಸುತ್ತಿದ್ದರು. ಇರುವೆ ಸಾಲು ಹತ್ತಿದಂತೆ ಜುಮುಜುಮು. ಹೆಬ್ಬೆರಳು ತಾನೇ ಕುಣಿಯುತ್ತಿತ್ತು.

"ಇಲ್ಲಿಯ ನರ ಬೆನ್ನಿಗೆ ಹೋಗುತ್ತೆ. ಚೀಲದ ನರಾನೂ ಅಲ್ಲಿಂದಾನೇ ಬರೋದು. ಹೆಬ್ಬೆರಳು ಸ್ವಲ್ಪ ಅಲುಗಾಡಿದರೆ ಸಾಕು, ಜಾಸ್ತಿ ಬೇಡ," ಅಂದರು ಮೇಡಮ್. "ಆಮೇಲೆ, ಬಂತು ಅಂತ ಓಡಬೇಡಿ. ಕೂತಲ್ಲೇ ಬಿಗಿ ಹಿಡಿದು, ಉಸಿರು ಬಿಟ್ಟು, ಅವಸರ ಕಡಿಮೆಯಾದ ಮೇಲೆ ಎದ್ದು ಹೋಗಿ."

ಕಾಕಾ ಅದನ್ನು ನನಗೆ ತಮ್ಮ ಭಾಷೆಯಲ್ಲಿ ತಿಳಿಸಿದರು. "ಯಾವನೋ ಗಂಟಿ ಬಾರಿಸಿದಾಂತ ನಡು ರಸ್ತೇದಾಗ ಬ್ರೇಕ್ ಹಾಕಬ್ಯಾಡ. ಸ್ಟಾಪ್ ಬರಲಿ."

ಸ್ಪಂಜು ಕಟ್ಟುವ ಪಟ್ಟಿ ಹರಿದಾಗ ಅವರೇ ಟ್ಯೂಬು ಕತ್ತರಿಸಿ ಹೊಸದು ಮಾಡಿದರು. ಹತ್ತಿರದ ತೂತು ನನ್ನ ಕಡ್ಡಿಕಾಲಿಗೆ, ದೂರದ್ದು ಅವರ ಕಾಲಿಗೆ.

ಆದರೆ ಡ್ರೈವರ್ ಕೈಗೆ ತಿರುಗುವ ಗುಂಡಿ ಸಿಕ್ಕರೆ ಅವನು ಸುಮ್ಮನೆ ಕೂರುತ್ತಾನೆಯೇ? ಯುಗಾದಿ ಹತ್ತಿರ ಬರುತ್ತಿತ್ತು. ಒಂದು ದಿನ ಮೇಡಮ್ ಒಳಗೆ ಹೋದದ್ದೇ ತಡ, ಕಾಕಾ ನನಗೆ ಕಣ್ಣು ಹೊಡೆದರು. "ಇವರು ಫಸ್ಟ್ ಗೇರಿನಾಗ ಒಯ್ಯಾಕತ್ತಾರ. ಹಿಂಗಾದ್ರ ಸಿಂಧನೂರು ಯಾವಾಗ ಮುಟ್ಟೋದು?" ಅಂತ ಗುಂಡಿ ತಿರುಗಿಸಿದರು. ಹೆಬ್ಬೆರಳು ಕುಣಿಯಲಿಲ್ಲ, ಇಡೀ ಕಾಲೇ ಎದ್ದು ಒದೆಯಿತು. ಉಪ್ಪುನೀರಿನ ಬೋಗುಣಿ ಹಾರಿ ನನ್ನ ತೊಡೆಯ ಮೇಲೆ ಬಿತ್ತು. ಜನ್ಮದಲ್ಲಿ ಒಂದೇ ಸಲ ನನ್ನ ಪ್ಯಾಂಟು ನಿಜವಾಗಿಯೂ ನೀರು ಚೆಲ್ಲಿ ಹಸಿಯಾಗಿತ್ತು. ಊರಲ್ಲಿ ಒಬ್ಬನೂ ನಂಬಲಿಲ್ಲ.

ಕಾಕಾನ ಕಾಲಿನ ಮೇಲೆ ಸುಟ್ಟ ಬೊಬ್ಬೆ ಎದ್ದಿತು. "ಚರ್ಮ ವಾಸಿಯಾಗುವವರೆಗೂ ನಿಮಗೆ ಕರೆಂಟಿಲ್ಲ," ಅಂದರು ಮೇಡಮ್. ಆ ಮೀಸೆ ಅಷ್ಟು ಕೆಳಗಿಳಿದದ್ದನ್ನು ನಾನು ಅವತ್ತೇ ನೋಡಿದ್ದು...

ಲಿಂಗಸುಗೂರಿನ ದಾರಿಯ ಅರ್ಧಕ್ಕೆ ಒಂದು ಜಾಲಿಮರವಿತ್ತು. ಹೋಗುವಾಗ ಬರುವಾಗ, ಈಗ ಪ್ಯಾಸೆಂಜರ್ ಆಗಿದ್ದ ಕಾಕಾಗೆ ಅಲ್ಲಿ ಇಳಿಯಲೇಬೇಕಿತ್ತು. ಅವರ ಜೊತೆಗೇ ದುಡಿದ ಕಂಡಕ್ಟರು, ತುಂಟ ಮನುಷ್ಯ, ಸೀಟಿ ಊದಿ ಕೂಗುತ್ತಿದ್ದ: "ಡ್ರೈವರ್ ಸ್ಟಾಪ್! ಡ್ರೈವರ್ ಸ್ಟಾಪ್! ಇಳಿಯೋರು ಇಳೀರಿ!" ಬಸ್ಸೆಲ್ಲ ನಗುತ್ತಿತ್ತು. ಕಾಕಾ ಮೀಸೆ ತಿರುವಿ ಇಳಿಯುತ್ತಿದ್ದರು. ನಾನೂ ಹಿಂದೆಯೇ ಇಳಿಯುತ್ತಿದ್ದೆ, "ಕಾಕಾನ ಕೈ ಹಿಡಿಯಾಕ ಯಾರರ ಬೇಕಲ್ರೀ" ಅಂತ ಎಲ್ಲರಿಗೂ ಕೇಳುವಂತೆ ಹೇಳಿ. ನನ್ನ ಮಾನ ಆ ಮರದ ಹಿಂದೆ, ಅವರ ಬೆನ್ನಿನ ಮರೆಯಲ್ಲಿ ಉಳಿದಿತ್ತು.

ಕರೆಂಟಿಲ್ಲದ ಆ ದಿನಗಳಲ್ಲೂ ಕಾಕಾ ನನ್ನ ಜೊತೆ ಲಿಂಗಸುಗೂರಿಗೆ ಬರುವುದು ಬಿಡಲಿಲ್ಲ. ನನ್ನ ಕಾಲಿಗೆ ಪಟ್ಟಿ ಕಟ್ಟುವುದನ್ನು ನೋಡುತ್ತ ಬೆಂಚಿನ ಮೇಲೆ ಕೂತು ಬಿಗಿ ಹಿಡಿಯುವುದನ್ನು ರೂಢಿ ಮಾಡುತ್ತಿದ್ದರು. ಹಣೆ ಮೇಲೆ ಬೆವರು. ಕೈಯನ್ನು ಕಾಣದ ಸ್ಟೇರಿಂಗಿನ ಮೇಲೆ ಇಟ್ಟಂತೆ ಇಟ್ಟುಕೊಂಡಿರುತ್ತಿದ್ದರು. ಗಾಯ ಮಾಯ್ದ ಮೇಲೆ ಮತ್ತೆ ಪಟ್ಟಿ ಕಟ್ಟಿಸಿಕೊಂಡರು. ಗುಂಡಿಯ ಕಡೆ ಕೈ ಹೋಗದಿರಲೆಂದು ಎರಡೂ ಕೈಯನ್ನು ತಾವೇ ತೊಡೆಯ ಕೆಳಗೆ ಒತ್ತಿಕೊಂಡು ಕೂತರು.

ಯುಗಾದಿಗೆ ವಾರವಿದ್ದಾಗ ಮರಳಿ ಬರುವ ಬಸ್ಸು. ಜಾಲಿಮರ ಕಂಡಿತು. ಕಂಡಕ್ಟರ್ ಅಭ್ಯಾಸದಂತೆ ಸೀಟಿ ಊದಿದ. "ಡ್ರೈವರ್ ಸ್ಟಾಪ್!"

ಬಸ್ಸು ನಿಂತಿತು. ಕಾಕಾ ಏಳಲಿಲ್ಲ. ಕಿಟಕಿಯ ಸರಳು ಹಿಡಿದು, ಕಣ್ಣು ಮುಚ್ಚಿ ಉಸಿರು ಬಿಡುತ್ತಿದ್ದರು. ಕತ್ತಿನ ನರ ಉಬ್ಬಿತ್ತು. ನಗಲು ಬಾಯಿ ತೆರೆದವರು ಹಾಗೇ ನಿಂತರು.

"ಯಾಕಣ್ಣಾ, ಇಳಿಯಂಗಿಲ್ಲೇನು?" ಕಂಡಕ್ಟರನ ದನಿ ತಗ್ಗಿತು.

ಕಾಕಾ ಕಣ್ಣು ಬಿಟ್ಟರು. "ಇಲ್ಲಿ ಸ್ಟಾಪ್ ಎಲ್ಲೈತೋ ತಮ್ಮಾ? ರೈಟ್ ಅನ್ನು."

ಎಲ್ಲರೂ ಈಗ ನನ್ನ ಕಡೆ ನೋಡಿದರು. ನನಗೋ ಕಾಲುವೆಯ ಗೇಟು ಒಡೆಯುವ ಹೊತ್ತು! ಆದರೆ ಕೈ ಹಿಡಿಯಲು ಹೋಗುವವನು, ಇಳಿಯುವವರೇ ಇಲ್ಲದಿದ್ದರೆ ಯಾವ ಮುಖದಿಂದ ಇಳಿಯಬೇಕು? "ಏನ್ಲೇ, ನೀ ಇಳೀತೀಯೇನು?" ಅಂದರು ಕಾಕಾ. ನಾನು ಅವರ ನೆಪದಲ್ಲಿ ಇಳಿಯುವುದು ಅವರಿಗೆ ಗೊತ್ತಿತ್ತು. ಮೊದಲಿಂದಲೂ ಗೊತ್ತಿತ್ತು.

"ನಾನ್ಯಾಕ ಇಳೀಲಿ? ರೈಟ್ ಅನ್ರೀ," ಅಂದೆ.

ಅಲ್ಲಿಂದ ಮಸ್ಕಿಗೆ ಅವತ್ತಿನಷ್ಟು ದೂರ ಯಾವತ್ತೂ ಇರಲಿಲ್ಲ. ರಸ್ತೆಯ ಪ್ರತಿ ಉಬ್ಬಿಗೂ ಒಂದೊಂದು ದೇವರನ್ನು ಕರೆದೆ. ಕಡೆಗೆ ದೇವರುಗಳೇ ಸಾಲದೆ ಶಾಲೆಯ ಹೆಡ್‌ಮಾಸ್ತರರನ್ನೂ ಕರೆದೆ. ಕಾಕಾ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದು, "ಉಸಿರು ಬಿಡಲೇ... ಸ್ಟಾಪ್ ಬಂತು... ಬಂತು..." ಅನ್ನುತ್ತಿದ್ದರು. ನನಗೆ ಹೇಳುತ್ತಿದ್ದರೋ, ತಮಗೋ... ಮಸ್ಕಿಯಲ್ಲಿ ಇಬ್ಬರೂ ಒಣ ಬಟ್ಟೆಯಲ್ಲೇ ಇಳಿದೆವು. ಇದರಲ್ಲಿ ಏನೂ ಕಳೆಯಬೇಡಿ.

ಯುಗಾದಿ ಆದ ಮೇಲೆ ಅವರು ಸ್ಟೇರಿಂಗು ಹಿಡಿದರು. ಜಾಲಿಮರ ಬಂದಾಗ ಹಾರ್ನು ಉದ್ದಕ್ಕೆ ಒತ್ತಿ, ನಿಲ್ಲಿಸದೆ ಹೋಗುತ್ತಿದ್ದರು. ಕಂಡಕ್ಟರ್ ಮತ್ತೆ ಆ ಮಾತು ಆಡಲಿಲ್ಲ. ನನಗೂ ನಿಧಾನವಾಗಿ ಹಿಡಿತ ಬಂತು, ಕಥೆ ಕಟ್ಟುವ ಕೆಲಸ ಕಡಿಮೆಯಾಯಿತು.

ಹೋದ ಮಳೆಗಾಲದಲ್ಲಿ ಕಾಕಾಗೆ ಎದೆನೋವು ಬಂತು. ಡ್ಯೂಟಿ ಮುಗಿಸಿ, ಗಾಡಿ ಡಿಪೋದಲ್ಲಿ ಬಿಟ್ಟು, ಮನೆಗೆ ಬಂದು ಕಟ್ಟೆಯ ಮೇಲೆ ಕೂತವರು ಏಳಲಿಲ್ಲ... ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತನ್ನೂ ಕೊಡಲಿಲ್ಲ. ಇದನ್ನು ಹಿಗ್ಗಿಸಿ ಹೇಳಲು ನನಗೆ ಬರುವುದಿಲ್ಲ.

ಮೊನ್ನೆ ಆ ಪಟ್ಟಿಯನ್ನು ಕಾಲಿಗೆ ಸುತ್ತಿ ನೋಡಿದೆ. ಹತ್ತಿರದ ತೂತಿಗೆ ಗುಂಡಿ ಮುಟ್ಟಲಿಲ್ಲ, ಕಾಲು ಬಲಿತಿದೆ. ಎಳೆದು ದೂರದ, ಕಾಕಾನ ತೂತಿಗೆ ಹಾಕಿದೆ. ಸರಿಯಾಗಿ ಕೂತಿತು. ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತೆ.