ಒಂದಕ್ಷರ ಸೇರಿಸದ ಟೀಚರ್

ಮೊನ್ನೆ ಮಧುಗಿರಿಯ ನಮ್ಮ ಚರ್ಚಿನಲ್ಲಿ ಮಕ್ಕಳು ಕ್ರಿಸ್‌ಮಸ್ ನಕ್ಷತ್ರಕ್ಕೆ ಕಾಗದ ಅಂಟಿಸುತ್ತಿದ್ದರು. ಕುದಿಸಿದ ಮೈದಾ ಅಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಮಗೆ ಬೈಬಲ್ ಹೇಳಿಕೊಡುತ್ತಿದ್ದ ಭಾನುವಾರದ ಟೀಚರ್ ನೆನಪಾದರು...

ನಾನು ಚಿಕ್ಕವಳಿದ್ದಾಗ ಒಂದು ಕ್ರಿಸ್‌ಮಸ್ ನಾಟಕದಲ್ಲಿ ನನಗೆ ಗಬ್ರಿಯೇಲ ದೂತನ ಪಾತ್ರ. ನನಗೆ ಬೇಕಿದ್ದದ್ದು ರಟ್ಟಿನ ರೆಕ್ಕೆ. "ರೆಕ್ಕೆ ಆಮೇಲೆ. ಮೊದ್ಲು ಮಾತು ಕಲಿ," ಎಂದು ಟೀಚರ್ ಗದರಿದ್ದರು. ದೂತ ಮುದಿ ಯಾಜಕ ಜಕರೀಯನ ಹತ್ತಿರ ಹೋಗಲಿ, ಯೇಸುವಿನ ತಾಯಿ ಮರಿಯಳ ಹತ್ತಿರ ಹೋಗಲಿ, ಮೊದಲು ಹೆದರಬೇಡ ಅನ್ನುತ್ತಾನೆ, ಕಳಿಸಿದ ಮಾತು ಹೇಳುತ್ತಾನೆ, ಹೊರಡುತ್ತಾನೆ. ಅಷ್ಟೇ ಅವನ ಕೆಲಸ. ನಾನೋ, ಮರಿಯಳಾಗಿದ್ದ ಹುಡುಗಿಯ ಅಳುಮುಖ ನೋಡಿ ಮರುಗಿ, "ಎಲ್ಲಾ ಸರಿಹೋಯ್ತದೆ ಬುಡು" ಎಂದು ಸೇರಿಸಿಬಿಟ್ಟೆ. ಸಭೆಯೆಲ್ಲ ನಕ್ಕಿತು. ಟೀಚರ್ ನಗಲಿಲ್ಲ.

"ಅದನ್ನ ಹೇಳು ಅಂತ ನಿನ್ನ ಯಾರು ಕಳ್ಸಿದ್ರು?" ಎಂದರು.

ಮರುವರ್ಷ ನಮ್ಮಪ್ಪ ಸಿರಾ ಹತ್ತಿರ ಲಾರಿ ಅಪಘಾತದಲ್ಲಿ ಹೋದರು. ನಮ್ಮ ಕಡೆ ಸಾವಿನ ಸುದ್ದಿಯನ್ನು ನೇರವಾಗಿ ಹೇಳುವುದಿಲ್ಲ. ಸೀರಿಯಸ್ಸಾಗಿದಾರೆ, ಬನ್ನಿ ಎಂದು ಕರೆದೊಯ್ಯುವುದು ವಾಡಿಕೆ. ಹೆಣ ಕಂಡಾಗಲೇ ಗೊತ್ತಾಗಬೇಕು. ದೊಡ್ಡಪ್ಪ ಜೀಪು ತಂದು ನಿಲ್ಲಿಸಿ, ಅಮ್ಮನಿಗೆ ಹಾಗೇ ಹೇಳಿ ಹೊರಡಿಸಲು ಜೊತೆಗೆ ಕರೆತಂದಿದ್ದ ಟೀಚರನ್ನು ಒಳಗೆ ಕಳಿಸಿದರು. ಟೀಚರ್ ಅಮ್ಮನನ್ನು ಕೂರಿಸಿ ಕೈ ಹಿಡಿದುಕೊಂಡರು.

"ಹೆದರ್ಬೇಡ ಕಣಮ್ಮ, ನಾನಿದೀನಿ. ನಿಮ್ಮನೆಯವ್ರು ತೀರ್ಕೊಂಡ್ಬುಟ್ರು."

ಅಮ್ಮನ ಕೂಗಿಗೆ ದೊಡ್ಡಪ್ಪ ಓಡಿಬಂದು ಟೀಚರ ಮೇಲೆ ಹರಿಹಾಯ್ದರು. ನಾನಂತೂ ಟೀಚರನ್ನು ವರ್ಷಗಟ್ಟಲೆ ದ್ವೇಷಿಸಿದೆ. ಗಬ್ರಿಯೇಲನಾದರೆ ಹೇಳಿ ಹೊರಟುಹೋಗುತ್ತಿದ್ದ. ಟೀಚರ್ ಬೈಸಿಕೊಂಡೇ ಜೀಪು ಹತ್ತಿ, ಸಿರಾದವರೆಗೂ ಅಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದರು.

ಎಷ್ಟೋ ಕಾಲದ ಮೇಲೆ ಅಮ್ಮನೇ ಅಂದಳು: "ಅವ್ರು ಹೇಳ್ದೆ ಇದ್ದಿದ್ರೆ ದಾರಿಯುದ್ದಕ್ಕೂ ಉಳಿಸ್ಕೊಡಪ್ಪಾ ಅಂತ ಬೇಡ್ಕೊಂಡು ಹೋಗಿರೋಳು ಕಣೇ. ಹೋದವ್ರನ್ನ ಉಳಿಸ್ಕೊಡು ಅಂತ..." ಆ ದಿನ ನನ್ನ ಸಿಟ್ಟು ಇಳಿಯಿತು. ಕ್ಷಮೆ ಕೇಳಲು ಹೋದರೆ ಟೀಚರ್ ಕಾಫಿ ಕುಡಿದು ಹೋಗು ಅಂದರು, ಅಷ್ಟೆ.

ಹೋದ ವರ್ಷ ಟೀಚರೇ ತೀರಿಕೊಂಡರು. ಅವರಿಗೆ ಇದ್ದದ್ದು ಪಾವಗಡದ ಕಡೆ ಬಲಸಮುದ್ರದಲ್ಲಿದ್ದ ತಂಗಿ ಒಬ್ಬರೇ. ಫೋನಿನಲ್ಲಿ ಸೀರಿಯಸ್ ಅಂದರೆ ಸಾಕು ಎಂದು ಎಲ್ಲರೂ ಹೇಳಿದರು. ನಾನು ಒಪ್ಪಲಿಲ್ಲ. ನಾನೇ ಹೋಗಿ ಹೇಳುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡು ಪಾವಗಡದ ಬಸ್ಸು ಹತ್ತಿದೆ. ಸೋಲಾರ್ ಫಲಕಗಳ ನಡುವಿನ ರಸ್ತೆಯಲ್ಲಿ ಟೀಚರ್ ಅಮ್ಮನಿಗೆ ಹೇಳಿದ್ದ ಆ ಎರಡು ಮಾತನ್ನೇ ಬಾಯಿಪಾಠ ಮಾಡಿದೆ.

ಬಾಗಿಲಲ್ಲಿ ನನ್ನನ್ನು ಕಂಡ ತಂಗಿಯ ಮುಖ ಬಿಳಿಚಿಕೊಂಡಿತು. "ಏಮ್ಮಾ, ಅಕ್ಕಂಗೆ ಸೀರಿಯಸ್ಸಾ?"

ಹೂಂ ಅಂದುಬಿಟ್ಟರೆ ಮುಗಿಯುತ್ತಿತ್ತು. ಅವರ ಕೈ ಹಿಡಿದು ಕೂರಿಸಿದೆ.

"ಇಲ್ಲಮ್ಮ... ಹೆದರ್ಬೇಡಿ, ನಾನಿದೀನಿ. ಅಕ್ಕ ತೀರ್ಕೊಂಡ್ರು."

ಮಧುಗಿರಿ ಮುಟ್ಟುವವರೆಗೂ ಆ ಕೈ ಬಿಡಲಿಲ್ಲ.

ಈಗ ಇಂಥ ಸುದ್ದಿಯಿದ್ದರೆ ಜನ ನನ್ನನ್ನೇ ಕರೆಯುತ್ತಾರೆ. ಹೋಗುತ್ತೇನೆ; ಮುಂದೆಯೂ ಹೋಗುವವಳೇ. ಬಾಗಿಲು ತಟ್ಟಲು ಎತ್ತಿದ ಕೈ ಪ್ರತಿ ಸಲವೂ ಒಮ್ಮೆ ಕೆಳಗಿಳಿಯುತ್ತದೆ. ಟೀಚರಿಗೂ ಹೀಗೇ ಆಗುತ್ತಿತ್ತೇ? ಕೇಳೋಣವೆಂದರೆ ಅವರಿಲ್ಲ.